ಗಾದಿಲಿಂಗಪ್ಪನ ಪಿಕಪ್ಪಿನ ಸದ್ದು

ಗ್ಯಾಸ್ ಕಟರಿನ ನೀಲಿ ಉರಿ ಕೊನೆಯ ಯೂ-ಬೋಲ್ಟಿಗೆ ಬಂದಾಗ ಗಾದಿಲಿಂಗಪ್ಪ ಮೂಗಿಗೆ ಟವೆಲ್ ಒತ್ತಿಕೊಂಡು ಹಿಂದೆ ಸರಿದ. ಬೋಲ್ಟು ತುಂಡಾಗಿ ನಟ್ಟಿನ ಸಮೇತ ನೆಲಕ್ಕೆ ಬಿತ್ತು. ಹಿಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದ ಬಿಳಿ ಪಿಕಪ್ಪು ಈಗ ಎಲ್ಲಿಗೂ ಹೋಗುವಂತಿರಲಿಲ್ಲ. ಅದನ್ನು ಕಂಡು ಕಟರ್ ಹಿಡಿದಿದ್ದ ಹುಲುಗೇಶನಿಗೆ ಒಳಗೊಳಗೇ ಖುಷಿಯಾಯಿತು.

"ಅವನ್ನ ಯಾಕಪಾ ಕಡದಿ? ಚೊಲೋ ಇದ್ವು. ಬಿಚ್ಚಿ ಮತ್ತ ಹಾಕಬಹುದಿತ್ತಲ್ಲ."

"ಬ್ಲಾಕ್ ಇಟ್ಟ ಮ್ಯಾಲೆ ಇವು ಗಿಡ್ಡ ಬೀಳ್ತಾವ್ರಿ ಸಾವ್ಕಾರ್ರ. ಅಲ್ದ ಒಮ್ಮಿ ಬಿಗದ ಯೂ-ಬೋಲ್ಟ್ ನಾನು ಎರಡನೇ ಸಲ ಹಾಕಲ್ಲ," ಎಂದು ಹುಲುಗೇಶ್ ಕಟರ್ ಆರಿಸಿದ.

ಕೆಲಸ ದೊಡ್ಡದೇನಲ್ಲ. ಹಿಂದಿನ ಎರಡು ಗಾಲಿಗಳನ್ನು ಹಿಡಿದಿರುವ ಆಕ್ಸಲ್ಲಿನ ಮೇಲೆ ಪಾಟಾ, ಅಂದರೆ ಬಾಗಿದ ಪಟ್ಟಿಗಳ ಕಟ್ಟು, ಕೂತಿರುತ್ತದೆ. ಆ ಎರಡರ ನಡುವೆ ಒಂದು ಹಿಡಿ ಎತ್ತರದ ಕಬ್ಬಿಣದ ಬ್ಲಾಕ್ ಇಟ್ಟರೆ ಗಾಡಿಯ ಹಿಂಭಾಗ ಅಷ್ಟು ಮೇಲೇಳುತ್ತದೆ. ಮೂರನ್ನೂ ಅಪ್ಪಿ ಹಿಡಿಯುವುದು ಉದ್ದನೆಯ ಯೂ-ಬೋಲ್ಟುಗಳು. ಅವುಗಳ ನಟ್ಟು ಸಡಿಲಾದರೆ ಬ್ಲಾಕ್ ಜಾರುತ್ತದೆ, ಗಾಲಿ ತನಗೆ ಬೇಕಾದ ಕಡೆ ಹೊರಳುತ್ತದೆ, ಆಮೇಲೆ ಸ್ಟೇರಿಂಗ್ ಹಿಡಿದವನು ಮನೆದೇವರನ್ನು ಕೂಗಬೇಕಷ್ಟೆ. ಗಾದಿಲಿಂಗಪ್ಪನ ಗಾಡಿ ಕುಗ್ಗಿದ್ದಕ್ಕೆ ಕಾರಣ ಹುಡುಕುವುದೇ ಬೇಡ. ಮೆಕ್ಕೆಜೋಳದ ಚೀಲ ಕಂಡರೆ ಗಾಡಿಯ ಕಷ್ಟ ಕಾಣದ ಮನುಷ್ಯ ಅವನು. ತೆಲಿಗಿ ಕಡೆಯಿಂದ ತುಂಬಿಕೊಂಡು ಬರುವಾಗ ಗಾಲಿ ಮಡ್‌ಗಾರ್ಡಿಗೆ ಉಜ್ಜಿ ರಬ್ಬರಿನ ವಾಸನೆ ಬರುತ್ತಿತ್ತು. ಡ್ರೈವರುಗಳು ಅವನ ಬಾಯಿಗೆ ಹೆದರಿ ನಿಲ್ಲುತ್ತಿರಲಿಲ್ಲವಾದ್ದರಿಂದ ಈಗ ತಾನೇ ಓಡಿಸುತ್ತಿದ್ದ.

ಅವನಿಗೆ ಹುಲುಗೇಶನ ಗುರುತಿರಲಿಲ್ಲ. ಕೊಟ್ಟೂರು ರಸ್ತೆಯ ಈ ಪಾಟಾ ಅಂಗಡಿಯವನು ಕೆಲಸ ಚೆನ್ನಾಗಿ ಮಾಡುತ್ತಾನೆಂದು ಯಾರೋ ಹೇಳಿದ್ದರು, ಬಂದಿದ್ದ. ಹುಲುಗೇಶನಿಗೆ ಮಾತ್ರ ಆ ಟವೆಲ್ಲು, ಮಾತಿಗೊಮ್ಮೆ ಗಂಟಲು ಕೆರೆಯುವ ಆ ಚಾಳಿ ಚೆನ್ನಾಗಿ ಗುರುತಿತ್ತು. ಹೈಸ್ಕೂಲಿನ ಚೀಲ ಹೆಗಲಿಗೆ ಹಾಕಿಕೊಂಡು ಹರಪನಹಳ್ಳಿಯ ಪೇಟೆ ಬೀದಿಯಲ್ಲಿ ಬರುತ್ತಿದ್ದ ದಿನ ಕಂಡ ಗುರುತು ಅದು.

ಆಗ ಅವನ ಅಪ್ಪ ಕೊಟ್ರಬಸಪ್ಪ ಗಾದಿಲಿಂಗಪ್ಪನ ಲಾರಿ ಓಡಿಸುತ್ತಿದ್ದ. ಗೋದಾಮಿನಲ್ಲಿ ಡೀಸೆಲ್ ಕಳುವಾಯಿತು. ಕೇರಿಯವನಾದ ಡ್ರೈವರು ಕಣ್ಣೆದುರಿಗೇ ಇರುವಾಗ ಬೇರೆ ಕಳ್ಳನನ್ನು ಯಾಕೆ ಹುಡುಕಬೇಕು? ಸಂತೆಯ ದಿನ, ಇಡೀ ತಾಲೂಕೇ ಪೇಟೆಗೆ ಬಂದಿರುವಾಗ, ಗಾದಿಲಿಂಗಪ್ಪ ಖಾಲಿ ತಗಡಿನ ಕ್ಯಾನನ್ನು ಚೀಲ ಹೊಲಿಯುವ ಸುತಳಿಯಿಂದ ಕೊಟ್ರಬಸಪ್ಪನ ಕೊರಳಿಗೆ ಕಟ್ಟಿ ಅಂಗಡಿ ಮುಂದೆ ನಿಲ್ಲಿಸಿದ. ಬೆಳಿಗ್ಗೆಯಿಂದ ಹೊತ್ತು ನೆತ್ತಿಗೇರುವವರೆಗೆ ನಿಲ್ಲಿಸಿದ. ಬಂದು ಹೋಗುವವರು ಕ್ಯಾನಿಗೆ ಬೆರಳಿನಿಂದ ಬಡಿದು ಸದ್ದು ಕೇಳಿ ನಕ್ಕರು. ಕದ್ದವನು ಗಾದಿಲಿಂಗಪ್ಪನ ಸ್ವಂತ ಭಾವಮೈದುನ ಎಂದು ಸ್ವಲ್ಪ ದಿನದಲ್ಲೇ ಪೇಟೆಗೆಲ್ಲ ತಿಳಿಯಿತು. ಗಾದಿಲಿಂಗಪ್ಪನಿಗೂ ತಿಳಿಯಿತು. ಅವನು ಬಾಯಿ ಬಿಡಲಿಲ್ಲ. ಕೊಟ್ರಬಸಪ್ಪನನ್ನು ಕರೆಯಲೂ ಇಲ್ಲ.

ಕ್ಯಾನ್ ಕೊರಳಲ್ಲಿದ್ದಂತೆಯೇ ಮನೆಗೆ ಬಂದಿದ್ದ ಕೊಟ್ರಬಸಪ್ಪ ಆಮೇಲೆ ಪೇಟೆ ಬೀದಿಗೆ ಕಾಲಿಡಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಬೇಕಾದರೂ ಕೆರೆ ಏರಿಯ ಮೇಲೆ ಸುತ್ತು ಹಾಕಿ ಹೋಗುತ್ತಿದ್ದ. ಊರಲ್ಲಿ ಯಾರೂ ಗಾಡಿ ಕೊಡಲಿಲ್ಲ. ಕೊಟ್ಟೂರಿನ ಪಾಟಾ ಅಂಗಡಿಯಲ್ಲಿ ಸುತ್ತಿಗೆ ಹಿಡಿದ. ಕೆಲಸ ಕಲಿತ, ಮಗನಿಗೆ ಕಲಿಸಿದ. ಈಗ ಮೊಣಕಾಲು ಹೋಗಿ ಮನೆಯ ಕಟ್ಟೆಯ ಮೇಲೆ ಕೂತಿರುತ್ತಾನೆ. ಆ ಕ್ಯಾನಿನ ಒಂದು ಮಗ್ಗುಲು ಕತ್ತರಿಸಿ ಹುಲುಗೇಶ್ ಪಾನಾ, ಸ್ಪ್ಯಾನರು ಇಡುವ ಡಬ್ಬ ಮಾಡಿಕೊಂಡಿದ್ದಾನೆ. ಎಸೆಯಲು ಅವನಿಗೆ ಮನಸ್ಸೇ ಬಂದಿರಲಿಲ್ಲ.

ಬ್ಲಾಕ್ ಕೂತಿತು. ಹೊಸ ಯೂ-ಬೋಲ್ಟುಗಳಿಗೆ ಹುಲುಗೇಶ್ ನಟ್ಟುಗಳನ್ನು ಬರೀ ಬೆರಳಿನಿಂದ ತಿರುಗಿಸಿ ಬಿಟ್ಟ. ಗಾಡಿಯನ್ನು ಗಾಲಿಯ ಮೇಲೆ ಇಳಿಸಿದ. ಇನ್ನು ಉದ್ದನೆಯ ಪಾನಾ ಹಾಕಿ ಬಿಗಿಯುವುದೊಂದೇ ಬಾಕಿ. ಗಾಡಿಯ ಕೆಳಗೆ ಅಂಗಾತ ಮಲಗಿದವನು ಕೈ ಎತ್ತಲಿಲ್ಲ.

"ಮುಗೀತೇನಪಾ? ಲೇಟಾಗ್ತದ ನನಗ," ಎಂದು ಗಾದಿಲಿಂಗಪ್ಪ ಗಂಟಲು ಕೆರೆದ. ಮಲಗಿದಲ್ಲಿಂದ ಅವನ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು.

ಮುಗೀತು ಅಂದುಬಿಡಬಹುದಿತ್ತು. ಬೆರಳಿನಿಂದ ತಿರುಗಿಸಿದ ನಟ್ಟು ಬಾಗಳಿ ಕಡೆಯ ಇಳಿಜಾರಿನವರೆಗೂ ಬಾಳುವುದಿಲ್ಲ. ಹುಲುಗೇಶನ ಮನಸ್ಸು ಆ ಇಳಿಜಾರನ್ನು ಆಸೆಯಿಂದ ನೋಡಿತು. ಚೀಲಗಳು ಒಡೆದು ಚೆಲ್ಲಿದ ಜೋಳ, ಮಗ್ಗುಲಾದ ಬಿಳಿ ಪಿಕಪ್ಪು, ಟವೆಲ್ಲು. ಸಾಯಲಿ ಅಂದುಕೊಂಡ. ಆದರೆ ಅದೇ ರಸ್ತೆಯಲ್ಲಿ, ಸರಿಯಾಗಿ ಲೋಡು ಬರುವ ಹೊತ್ತಿಗೇ, ತೆಲಿಗಿಯ ಬಸ್ಸು ಓಡುತ್ತದೆ. ತೆಲಿಗಿಯ ಶಾಲೆಯಲ್ಲಿ ಟೀಚರಾಗಿದ್ದ ಅವನ ಹೆಂಡತಿ ಸಂಘಮಿತ್ರಾ ದಿನಾ ಹೋಗಿ ಬರುವ ಬಸ್ಸು. ಹೊರಳುವ ಗಾಡಿ ತಾನೊಂದೇ ಹೋಗುತ್ತದೆ ಎಂದು ಯಾರು ಹೇಳಬೇಕು? ಹುಲುಗೇಶ್ ಹಲ್ಲು ಕಚ್ಚಿ ಪಾನಾ ತೆಗೆದುಕೊಂಡ. ಎದುರುಬದುರು ನಟ್ಟುಗಳನ್ನು ಒಂದಾದ ಮೇಲೊಂದು, ಪಾನಾಕ್ಕೆ ಪೈಪು ಸೇರಿಸಿ, ತೋಳು ನಡುಗುವವರೆಗೂ ಬಿಗಿದ. ಅಷ್ಟು ಸಿಟ್ಟಿನಲ್ಲಿ ಅಷ್ಟು ಒಳ್ಳೆಯ ಕೆಲಸ ಅವನು ಯಾವತ್ತೂ ಮಾಡಿರಲಿಲ್ಲ.

ಹೊರಗೆ ಬರುವಾಗ ಕೈಗೆ ಕಡಿದ ಹಳೆಯ ನಟ್ಟೊಂದು ಸಿಕ್ಕಿತು. ಇನ್ನೂ ಬೆಚ್ಚಗಿತ್ತು. ಒಂದು ಕಡೆ ಉರಿಯ ಕಪ್ಪು ಹಿಡಿದಿತ್ತು. ಕಣ್ಣೆದುರಿಗೇ ಚಾಸಿಯ ತೂತು. ಪಿಕಪ್ಪಿನ ಚಾಸಿ, ಅಂದರೆ ಅಡಿಯ ಉದ್ದನೆಯ ತೊಲೆ, ಒಳಗೆ ಟೊಳ್ಳು, ಅದರ ಮಗ್ಗುಲಿಗೆ ಅಲ್ಲಲ್ಲಿ ತೂತುಗಳಿರುತ್ತವೆ. ಡ್ರೈವರಿನ ಸೀಟಿನ ಬೆನ್ನಿಗೇ ಬರುವ ತೂತಿನೊಳಗೆ ಹುಲುಗೇಶ್ ಆ ನಟ್ಟನ್ನು ತಳ್ಳಿದ. ಅದರಿಂದ ಗಾಡಿಗೆ ಕೂದಲಿನಷ್ಟೂ ಕೇಡಿಲ್ಲ. ಗಾಡಿ ಕುಲುಕಿದಾಗ ಒಳಗೇ ಕುಣಿಯುತ್ತದೆ, ಅಷ್ಟೆ.

"ಒಂದು ಲೋಡ್ ಹೊಡೀರಿ ಸಾವ್ಕಾರ್ರ. ಲೋಡ್ ಮ್ಯಾಲೇ ಇನ್ನೊಮ್ಮಿ ನಟ್ಟು ನೋಡಬೇಕು. ಕಿವಿ ಮಾತ್ರ ಹಿಂದ ಇಟ್ಟಿರ್ರಿ," ಎಂದು ಕೈ ಒರೆಸಿಕೊಂಡ.

"ಕಿವಿ ಯಾಕೋ?"

"ಟಕ್ ಅಂತ ಸದ್ದು ಬಂದ್ರ ಬ್ಲಾಕ್ ಅಲ್ಲಾಡಾಕ ಹತ್ತೈತಿ ಅಂತ ತಿಳಕಳ್ರಿ."

ಮರುದಿನ ಸಂಜೆ ಸಂಘಮಿತ್ರಾ ಬಸ್ಸಿಳಿದು ಬಂದವಳೇ ನಗತೊಡಗಿದಳು. "ನಮ್ಮ ಬಸ್ ಡ್ರೈವರ್ ಇವತ್ತು ಬಾಯಿಗೆ ಬಂದಂಗ ಬೈದ ನೋಡ್ರಿ. ಮುಂದ ಒಂದು ಬಿಳಿ ಪಿಕಪ್. ಪಿಕಪ್ ನಡಸ್ತಾನೋ ಎತ್ತಿನ ಬಂಡಿ ನಡಸ್ತಾನೋ ಗೊತ್ತಿಲ್ಲ. ಒಂದೊಂದು ಹಂಪ್ ಬಂದಾಗೂ ನಿಲ್ಸಿ, ಕೆಳಗಿಳಿದು, ಬಗ್ಗಿ ನೋಡ್ತಾನ."

ಹುಲುಗೇಶನಿಗೆ ಚಹಾ ನೆತ್ತಿಗೇರಿತು. ಕೆಮ್ಮುತ್ತಾ ನಕ್ಕ. ಅವಳು ನಗು ನಿಲ್ಲಿಸಿ ಗಂಡನ ಮುಖ ನೋಡಿದಳು. "ಏನು ಮಾಡೀರಿ ನೀವು?"

ಹೇಳಿದ. ಕೇಳಿದವಳು ತಲೆಬಾಗಿಲ ಕಡೆ ಕಣ್ಣು ಹಾಯಿಸಿದಳು. ಕಟ್ಟೆಯ ಮೇಲೆ ಮಾವನ ಬೆನ್ನು ಕಾಣುತ್ತಿತ್ತು. "ಮಾವಗ ಗೊತ್ತಾದ್ರ ನಿಮ್ಮ ಕಪಾಳ ಉಳಿಯಲ್ಲ," ಎಂದು ಮೆತ್ತಗೆ ಅಂದಳು. ಅದು ಸುಳ್ಳಲ್ಲ. ಕೆಲಸ ಮುಗಿದು ಹೋದ ಗಾಡಿಯ ವಾಶರ್ ಒಂದು ಅಂಗಡಿಯಲ್ಲಿ ಉಳಿದಿದ್ದಕ್ಕೆ ಅದನ್ನು ಕೊಡಲು ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋಗಿದ್ದ ಮನುಷ್ಯ ಅವನು. ಕಳ್ಳ ಅನ್ನಿಸಿಕೊಂಡ ಮೇಲಂತೂ ಬೇರೆಯವರ ಮೊಳೆಯನ್ನೂ ಮುಟ್ಟುತ್ತಿರಲಿಲ್ಲ.

ಗಾದಿಲಿಂಗಪ್ಪ ಹುಲುಗೇಶನ ಬಳಿಗೆ ನೇರ ಬರಲಿಲ್ಲ. ಮೊದಲು ಕೊಟ್ಟೂರಿಗೆ ಹೋಗಿ ಮೌನೇಶನ ಪಾಟಾ ಅಂಗಡಿ ಮುಂದೆ ಗಾಡಿ ನಿಲ್ಲಿಸಿದ. ಮೌನೇಶ್ ಬಗ್ಗಿಯೂ ನೋಡದೆ, "ಯಾರು ಬಿಗದಾರ?" ಎಂದು ಕೇಳಿ ಕೈ ಎತ್ತಿಬಿಟ್ಟ. ಈ ಸೀಮೆಯ ಪಾಟಾದವರಲ್ಲಿ ಅದೊಂದು ಕಟ್ಟುಪಾಡು. ಇನ್ನೊಬ್ಬ ಬಿಗಿದ ಯೂ-ಬೋಲ್ಟಿಗೆ ಯಾರೂ ಪಾನಾ ಹಾಕುವುದಿಲ್ಲ. ನಾಳೆ ಗಾಡಿ ಉರುಳಿದರೆ ಕೊನೆಗೆ ಮುಟ್ಟಿದವನ ತಲೆಗೇ ಬರುತ್ತದೆ. ಬಿಗಿದ ಕೈ ಮುಟ್ಟಬೇಕು, ಇಲ್ಲವಾದರೆ ಆ ಕೈಗೆ ಕೆಲಸ ಕಲಿಸಿದ ಕೈ.

ಸಂತೆಯ ದಿನ ಬೆಳಿಗ್ಗೆ ಗಾದಿಲಿಂಗಪ್ಪ ಯಾರದೋ ಬೈಕಿನ ಹಿಂದೆ ಕೂತು ಬಂದ. ಕಣ್ಣುಗಳು ಒಳಗೆ ಹೋಗಿದ್ದವು.

"ನಿನ್ನ ಬ್ಲಾಕ್ ನನ್ನ ಜೀವ ತಿಂತೈತೋ ತಮ್ಮಾ. ಸರಿಯಾಗಿ ಬೆನ್ನ ಹಿಂದ ಟಕ್ ಅಂತೈತಿ. ನಿದ್ದಿ ಇಲ್ಲ. ಗಾಡಿ ಲೋಡ್ ಮಾಡಿ ಅಂಗಡಿ ಮುಂದ ನಿಲ್ಲಿಸೀನಿ, ಅಲ್ಲಿಂದ ಅಲ್ಲಾಡಿಸಾಕ ಧೈರ್ಯ ಇಲ್ಲ. ನೀನ ಬಾ."

"ನಾ ಬಿಗದಾಗಿಂದ ಸದ್ದು ಅಂತೀರಿ. ಅಂದ್ರ ನನ್ನ ಕೈಗೆ ತಿಳೀವಲ್ದು. ಕಲಿಸಿದೋರು ಬರಬೇಕು."

"ಯಾರು ನಿನಗ ಕಲಿಸಿದೋರು?"

"ನಮ್ಮಪ್ಪ. ಕೊಟ್ರಬಸಪ್ಪ. ನಿಮ್ಮ ಲಾರಿ ಓಡಸ್ತಿದ್ದ."

ಗಾದಿಲಿಂಗಪ್ಪ ಗಂಟಲು ಕೆರೆಯಲು ಹೋಗಿ ಅರ್ಧಕ್ಕೆ ಬಿಟ್ಟ. ಹುಲುಗೇಶ್ ಆ ಮುಖವನ್ನು ಕಣ್ತುಂಬ ನೋಡಿದ. ಎಷ್ಟೋ ವರ್ಷ ಕಾದ ಮೇಲೆ ಸಿಕ್ಕ ನೋಟ. ಬೇಗ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ.

"ಹಂಗಾರ ಕರಕಂಡ್ ಬಾ. ಗಾಡಿ ಮ್ಯಾಗ ಕುಂದ್ರಿಸ್ಕಂಡು..."

"ಮೊಣಕಾಲು ಮಡಚಂಗಿಲ್ರಿ, ಗಾಡಿ ಹತ್ತಲ್ಲ. ನಿಧಾನಕ ನಡೀತಾನ. ಪೇಟಿಗೆ ನಾ ಕರದ್ರ ಬರಲ್ಲ. ನೀವ ಮನಿಗ್ ಬಂದು ಕರೀಬೇಕು."

ಕೇರಿಯ ಕಾಂಕ್ರೀಟ್ ರಸ್ತೆಯಲ್ಲಿ ಗಾದಿಲಿಂಗಪ್ಪ ಅತ್ತಿತ್ತ ನೋಡದೆ ನಡೆದ. ಈ ರಸ್ತೆಗೆ ಅವನು ಬಂದದ್ದೇ ಮೊದಲು. ಅವನನ್ನು ಕಂಡು ಕೊಟ್ರಬಸಪ್ಪ ಕಟ್ಟೆಯಿಂದ ಕೈಯೂರಿ ಎದ್ದು ನಿಂತ. ತಲೆಯ ಮೇಲಿನ ವಸ್ತ್ರ ತಾನಾಗಿ ಕೈಗೆ ಬಂತು. "ಬರ್ರಿ ಧಣಿ," ಅಂದ. ಹುಲುಗೇಶನಿಗೆ ಮೈಯೆಲ್ಲ ಉರಿಯಿತು. ಇಷ್ಟೆಲ್ಲ ಮಾಡಿ ಈ ಮನುಷ್ಯನನ್ನು ಬಾಗಿಲಿಗೆ ತಂದು ನಿಲ್ಲಿಸಿದರೆ, ಅಪ್ಪ ಅದೇ ಹಳೆಯ ಆಳಿನ ಹಾಗೆ ಎದ್ದು ನಿಲ್ಲಬೇಕೆ!

ತಾಯಿ ಹುಲುಗಮ್ಮ ಒಳಗಿನಿಂದ ನೀರು ತಂದಳು. ಗಾದಿಲಿಂಗಪ್ಪ ಲೋಟ ಹಿಡಿದು ನಿಂತ. ಅವನು ಕುಡಿಯಲೆಂದು ಅವಳು ಒಳಗೆ ಹೋಗದೆ ನೋಡುತ್ತ ನಿಂತಳು. ಎರಡು ಗುಟುಕು ಕುಡಿದು ಲೋಟ ಕೊಟ್ಟ.

"ಗಾಡಿ ಸದ್ದು ಮಾಡ್ತದ ಕೊಟ್ರಾ. ನೀನು ಬಂದು ನೋಡಬೇಕು."

"ಎಲ್ಲೈತ್ರಿ ಗಾಡಿ?"

"ಅಂಗಡಿ ಮುಂದ."

ಕೊಟ್ರಬಸಪ್ಪ ಕೈಯಲ್ಲಿದ್ದ ವಸ್ತ್ರವನ್ನು ಮತ್ತೆ ತಲೆಗೆ ಸುತ್ತಿಕೊಂಡ. ಆಮೇಲೆ ಒಳಗೆ ಹೋಗಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಗಾಡಿಯ ಕೆಳಗೆ ಮಲಗುವ ಕೆಲಸಕ್ಕೆ ಬಿಳಿ ಅಂಗಿ! ಹುಲುಗಮ್ಮ ಕೋಲು ತಂದು ಅವನ ಕೈಗೆ ಕೊಟ್ಟಳು. "ಪಾನಾ ತಗಳ್ರಿ ಧಣಿ. ನನಗ ಕೋಲು ಹಿಡಿಯಾಕ ಒಂದು ಕೈ ಬೇಕು, ಗ್ವಾಡಿ ಹಿಡಿಯಾಕ ಇನ್ನೊಂದು," ಎಂದು ಮಗ ಅಂಗಡಿಯಿಂದ ತಂದು ಕಾಲ ಬಳಿ ಇಟ್ಟುಕೊಂಡಿದ್ದ ತಗಡಿನ ಡಬ್ಬ ತೋರಿಸಿದ. ಹುಲುಗೇಶ್ ಬಗ್ಗಲಿಲ್ಲ. ಗಾದಿಲಿಂಗಪ್ಪ ಅವನ ಮುಖ ನೋಡಿದ, ನೋಡಿ, ತಾನೇ ಬಗ್ಗಿ ಎತ್ತಿಕೊಂಡ.

ಪೇಟೆ ಬೀದಿಯಲ್ಲಿ ಸಂತೆಯ ಜನ ಕಿಕ್ಕಿರಿದಿದ್ದರು. ಮುಂದೆ ಬಿಳಿ ಅಂಗಿಯ ಕೊಟ್ರಬಸಪ್ಪ ಕೋಲೂರಿ ಒಂದೊಂದೇ ಹೆಜ್ಜೆ ಇಡುತ್ತಿದ್ದ. ಗೋಡೆ ಎಲ್ಲೂ ಹಿಡಿಯಲಿಲ್ಲ. ಅವನ ಹಿಂದೆ ಕ್ಯಾನ್ ಹೊತ್ತ ಗಾದಿಲಿಂಗಪ್ಪ, ದಾಟಿ ಮುಂದೆ ಹೋಗುವಂತಿಲ್ಲ, ಹಿಂದೆ ಉಳಿಯುವಂತಿಲ್ಲ. ಕೊನೆಯಲ್ಲಿ ಹುಲುಗೇಶ್. ಮೂಲೆಯ ಬಾಳೆಹಣ್ಣಿನ ಪಾಲಮ್ಮ ಅಲ್ಲಿ ಕೂತು ಮುದುಕಿಯಾದವಳು. ತಕ್ಕಡಿ ಕೆಳಗಿಟ್ಟು ಕೂಗಿದಳು:

"ಅಯ್ಯೋ, ಕೊಟ್ರಣ್ಣ ಅಲ್ಲೇನು! ಇದೇನ್ರಿ ಸಾವ್ಕಾರ್ರ, ಇವತ್ತು ಕ್ಯಾನ್ ನೀವು ಹೊತ್ತೀರಿ?"

ಗಾದಿಲಿಂಗಪ್ಪ ಆಗ ಮೊದಲ ಸಲ ಕೈಯಲ್ಲಿದ್ದುದನ್ನು ನೋಡಿದ. ಹಿಡಿಕೆಗೆ ಗಂಟು ಹಾಕಿದ್ದ ಹಳೆಯ ಸುತಳಿಯ ತುಂಡು ಇನ್ನೂ ಅಲ್ಲೇ ಇತ್ತು. ಕೆಳಗಿಡಲು ಜಾಗ ಹುಡುಕಿದ. ಸಂತೆಯಲ್ಲಿ ಜಾಗ ಎಲ್ಲಿರುತ್ತದೆ?

ಅಂಗಡಿ ಮುಂದೆ ಜೋಳ ತುಂಬಿದ ಪಿಕಪ್ಪು ನಿಂತಿತ್ತು. ಹಮಾಲರು ಕೆಲಸ ಬಿಟ್ಟು ಸುತ್ತ ಸೇರಿದರು. ಕೊಟ್ರಬಸಪ್ಪ ಗೋಣಿ ಹಾಸಿಸಿ, ಮಗನ ಹೆಗಲು ಹಿಡಿದು ಕೆಳಗಿಳಿದು ಮಲಗಿದ. ಸಣ್ಣ ಸುತ್ತಿಗೆಯಿಂದ ಒಂದೊಂದೇ ನಟ್ಟು ಬಡಿದು ಸದ್ದು ಕೇಳಿದ. ಗಟ್ಟಿ ನಟ್ಟು ಗಂಟೆಯ ಹಾಗೆ ದನಿ ಕೊಡುತ್ತದೆ. ಎಲ್ಲ ನಟ್ಟೂ ಹಾಗೇ ಕೊಟ್ಟವು.

"ಗಾಡಿ ಅಲ್ಲಾಡಿಸ್ರಿ," ಎಂದ. ಇಬ್ಬರು ಹಮಾಲರು ಕುಲುಕಿದರು. ಟಕ್.

ಪಕ್ಕದಲ್ಲಿ ಬಗ್ಗಿದ್ದ ಹುಲುಗೇಶನಿಗೆ ಈಗ ಮಾತ್ರ ಬುದ್ಧಿ ಬಂದಿತ್ತು. ಈ ಕಿವಿಗೆ ಅದು ತಿಳಿಯದೆ ಇರುತ್ತದೆಯೆ? ಅಪ್ಪ ಚಾಸಿಯ ಮೇಲೆ ಅಂಗೈ ಇಟ್ಟು ಮುಂದೆ ಮುಂದೆ ಸರಿಸಿದ, ತೂತಿನ ಬಳಿ ನಿಲ್ಲಿಸಿದ, ಎರಡು ಬೆರಳು ಒಳಗೆ ಹಾಕಿದ. ನಟ್ಟು ಹೊರಬಂತು. ಒಂದು ಮಗ್ಗುಲಿಗೆ ಕಟರಿನ ಕಪ್ಪು. ಅದನ್ನು ಯಾರು ಕಡಿದದ್ದು, ಯಾರು ಒಳಗೆ ಹಾಕಿದ್ದು ಎಂದು ಕೇಳುವ ಅಗತ್ಯವಿರಲಿಲ್ಲ. ಕೊಟ್ರಬಸಪ್ಪ ಕತ್ತು ಹೊರಳಿಸಿ ಮಗನನ್ನು ನೋಡಿದ. ಈ ನಟ್ಟು ಅಂಗೈಯಲ್ಲಿ ಹಿಡಿದು ಹೊರಗೆ ಬಂದರೆ ಮುಗಿಯಿತು. ಅಪ್ಪ ಕಳ್ಳ, ಮಗ ಮೋಸಗಾರ ಎಂದು ಇದೇ ಬೀದಿ ಇದೇ ಸಂತೆಯಲ್ಲಿ ನಗುತ್ತದೆ. ಹುಲುಗೇಶ್ ಕಣ್ಣು ತಗ್ಗಿಸಿದ. ಹೊಡೆಯಲಿ, ಇಲ್ಲೇ ಹೊಡೆದುಬಿಡಲಿ ಅನ್ನಿಸಿತು.

"ಧಣಿ," ಎಂದು ಕೊಟ್ರಬಸಪ್ಪ ಗಾಡಿಯ ಕೆಳಗಿನಿಂದಲೇ ಕರೆದ. ಸುತ್ತ ನಿಂತವರಿಗೆಲ್ಲ ಕೇಳುವಷ್ಟು ದನಿಯಿತ್ತು. "ಆವತ್ತು ಡೀಸೆಲ್ ತಗಂಡೋರು ಯಾರ್ರಿ?"

ಹಮಾಲರ ಗದ್ದಲ ನಿಂತಿತು. ಗಾದಿಲಿಂಗಪ್ಪನ ಚಪ್ಪಲಿಗಳು ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ ಆಡಿದವು. ಗಂಟಲು ಕೆರೆದ ಸದ್ದು ಬಂತು.

"ಏ, ಬಿಡೋ ಕೊಟ್ರಾ. ಯಾವ ಕಾಲದ ಮಾತು ಅದು? ಯಾರು ನೆನಪಿಟ್ಟಾರ? ಈಗ ಗಾಡಿ ನೋಡು."

ಕೊಟ್ರಬಸಪ್ಪ ನಟ್ಟನ್ನು ತೂತಿನೊಳಗೆ ವಾಪಸ್ಸು ಹಾಕಿ ಬೆರಳಿನಿಂದ ಒಳಕ್ಕೆ ನೂಕಿದ.

ಮಗನ ಕೈ ಹಿಡಿದು ಎದ್ದು ನಿಂತು ಅವನು ಅಂಗಿಯ ಬೆನ್ನು ಝಾಡಿಸಿಕೊಂಡ. "ನಟ್ಟು ಗಟ್ಟಿ ಅದಾವ್ರಿ. ನನ್ನ ಮಗನ ಕೆಲಸದಾಗ ಖೋಟಾ ಇಲ್ಲ. ಆದ್ರ ಸದ್ದು ಐತಿ ನೋಡ್ರಿ, ಅದು ಇವತ್ತಿಗೆ ಹೋಗೋ ಸದ್ದಲ್ಲ. ಇನ್ನೊಂದೆರಡು ಲೋಡ್ ಹೊಡೀರಿ. ನಿಲ್ಲದಿದ್ರ ಮತ್ತ ಮನಿಗ್ ಬರ್ರಿ. ನಾನ ಬರ್ತೀನಿ. ಈಗ ದಾರಿ ಗೊತ್ತಾತಲ್ಲ ನಿಮಗ."

"ಜೀವಕ್ಕೇನೂ..."

"ಅದನ್ನ ನಾ ಹೆಂಗ ಹೇಳ್ಲಿ ಧಣಿ?"

ವಾಪಸ್ಸು ಬರುವಾಗ ಹುಲುಗೇಶ್ ಅಭ್ಯಾಸದಿಂದ ಕೆರೆ ಏರಿಯ ಸಂದಿಗೆ ತಿರುಗಿದ. ಅಪ್ಪ ತಿರುಗಲಿಲ್ಲ. ಪೇಟೆ ಬೀದಿಯ ನಡುವೆಯೇ ನಡೆದು, ಮಿರ್ಚಿ ಅಂಗಡಿಯ ಮುಂದೆ ನಿಂತು ಮಂಡಕ್ಕಿ-ಮಿರ್ಚಿ ಕಟ್ಟಿಸಿಕೊಂಡ. ಮಗನಿಗೆ ಬೈಯಲಿಲ್ಲ, ಹೊಡೆಯಲಿಲ್ಲ, ಆ ಮಾತನ್ನೇ ಎತ್ತಲಿಲ್ಲ. ಪಾಲಮ್ಮನ ಪಕ್ಕದ ಕಟ್ಟೆಯ ಮೇಲೆ, ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ ಕೂತು ಪೊಟ್ಟಣ ಬಿಚ್ಚಿದ.

ಆಚೆ ತುದಿಯಲ್ಲಿ ಪಿಕಪ್ಪು ಸ್ಟಾರ್ಟಾಯಿತು. ಚರಂಡಿಯ ಹಾಸುಗಲ್ಲು ದಾಟುವಾಗ ಟಕ್ ಅಂದಿತು. ಅಲ್ಲೇ ನಿಂತಿತು. ಬಾಗಿಲು ತೆರೆದ ಸದ್ದು ಕೇಳಿಸಿತು. ಕೊಟ್ರಬಸಪ್ಪ ಹಿಂದಿರುಗಿ ನೋಡದೆ ಮೆಣಸಿನಕಾಯಿಯ ತೊಟ್ಟು ಮುರಿದು ಪಕ್ಕಕ್ಕಿಟ್ಟ.